ಭಾರ ಇಳಿಯುವ ದಾರಿ: ಸೈಕಲ್ಲಿನ ಹಿಂದಿನ ಕ್ಯಾರಿಯರ್

ಸೈಕಲ್ಲಿನ ಹಿಂದಿನ ಕ್ಯಾರಿಯರ್ ಒಂದು ಸಣ್ಣ ಸೇತುವೆ. ಮೇಲಿಟ್ಟ ಸಾಮಾನಿನ ತೂಕವನ್ನು ಅದು ತನ್ನ ಕಾಲುಗಳ ಮೂಲಕ ಹಿಂಚಕ್ರದ ಆಕ್ಸಲ್‌ಗೆ ಇಳಿಸುತ್ತದೆ. ಅಲ್ಲಿಂದ ಕಡ್ಡಿಗಳಿಗೆ, ರಿಮ್ಮಿಗೆ, ಟೈರಿಗೆ, ಕೊನೆಗೆ ರಸ್ತೆಗೆ. ಸೇತುವೆಯ ಇನ್ನೊಂದು ತುದಿ ಸೀಟಿನ ಕೆಳಗೆ ಫ್ರೇಮಿಗೆ ಕಟ್ಟಿಕೊಂಡಿರುತ್ತದೆ. ಈ ತುದಿಗೆ ಹೊರುವ ಕೆಲಸ ಕಡಿಮೆ, ಹಿಡಿದುಕೊಳ್ಳುವ ಕೆಲಸ ಹೆಚ್ಚು: ಕ್ಯಾರಿಯರ್ ಹಿಂದಕ್ಕೆ ಮಗುಚದಂತೆ, ಎಡಬಲಕ್ಕೆ ತೂಗಾಡದಂತೆ ನೋಡಿಕೊಳ್ಳುವುದು. ಅಂಗಡಿಯಲ್ಲಿ ಕ್ಯಾರಿಯರ್ ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ, ಎಷ್ಟು ಕೆ.ಜಿ. ತಡೆಯುತ್ತದೆ ಎಂಬುದು. ಅದಕ್ಕೂ ಮೊದಲು ಕೇಳಬೇಕಾದದ್ದು, ಆ ಕೆ.ಜಿ. ಯಾವ ದಾರಿಯಲ್ಲಿ ನೆಲ ಮುಟ್ಟುತ್ತದೆ ಎಂಬುದು. ದಾರಿ ನೇರವಾಗಿದ್ದರೆ ಸಾಧಾರಣ ಕ್ಯಾರಿಯರ್ ಕೂಡ ವರ್ಷಗಟ್ಟಲೆ ಬಾಳುತ್ತದೆ. ದಾರಿ ಡೊಂಕಾಗಿದ್ದರೆ ದುಬಾರಿಯದೂ ಮುರಿಯುತ್ತದೆ.

ಭಾರವನ್ನು ಎರಡು ಪಕ್ಕಗಳಲ್ಲಿ ಇಳಿಬಿಟ್ಟು ಸಾಗಿಸುವ ಉಪಾಯ ಸೈಕಲ್ಲಿಗಿಂತ ಎಷ್ಟೋ ಹಳೆಯದು. ಕನ್ನಡದಲ್ಲಿ ಅದಕ್ಕೆ ಹೇರು ಎಂಬ ಹೆಸರೇ ಇದೆ. ದಖ್ಖನ್ನಿಗೆ ರೈಲು ಬರುವ ಮೊದಲು ಉಪ್ಪು, ದವಸ ಊರಿಂದೂರಿಗೆ ಸಾಗಿದ್ದು ಬಂಜಾರರೆಂದೂ ಕರೆಯುವ ಲಂಬಾಣಿಗರ ಹೇರೆತ್ತುಗಳ ಬೆನ್ನ ಮೇಲೆ. ಹೈದರಾಬಾದಿನ ಬಂಜಾರಾ ಹಿಲ್ಸ್ ಆ ಸಮುದಾಯದ ಹೆಸರನ್ನು ಇಂದಿಗೂ ಹೊತ್ತುಕೊಂಡಿದೆ. ಎತ್ತಿಗೆ ಹೇರು ಹಾಕುವವರು ಎರಡು ಮಾತು ಮರೆಯುತ್ತಿರಲಿಲ್ಲ. ಎರಡು ಕಡೆಯ ಗೋಣಿಗಳ ತೂಕ ಸಮವಾಗಿರಬೇಕು. ಗೋಣಿ ಮೈಗೆ ಒತ್ತಿಕೊಂಡು ತಗ್ಗಿನಲ್ಲಿ ಕೂರಬೇಕು. ಸೈಕಲ್ ಕ್ಯಾರಿಯರಿನ ಎರಡು ಪಕ್ಕ ತೂಗುಹಾಕುವ ಪ್ಯಾನಿಯರ್ ಚೀಲಗಳಿಗೂ ಇದೇ ನಿಯಮ. ಪ್ಯಾನಿಯರ್ ಎಂಬ ಪದದ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿ ಅದಕ್ಕೆ ರೊಟ್ಟಿಯ ಬುಟ್ಟಿ ಎಂದು ಅರ್ಥ.

ಕ್ಯಾರಿಯರಿನ ನಿಜವಾದ ಪರೀಕ್ಷೆ ನಡೆಯುವ ಜಾಗಗಳಲ್ಲಿ ಹೈದರಾಬಾದಿನ ಅಬಿಡ್ಸ್ ಒಂದು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರ ಬಳಿ ಕೆಲಸಕ್ಕಿದ್ದ ಆಲ್ಬರ್ಟ್ ಅಬಿಡ್ ಎಂಬವರ ಅಂಗಡಿಯಿಂದ ಈ ಪೇಟೆಗೆ ಹೆಸರು ಬಂದಿದೆ. ವಾರದ ಆರು ದಿನ ಬಟ್ಟೆ, ಚಪ್ಪಲಿ, ಗಡಿಯಾರಗಳ ವ್ಯಾಪಾರ. ಭಾನುವಾರ ಆ ಅಂಗಡಿಗಳು ಬಾಗಿಲು ಹಾಕಿದಾಗ ಅವುಗಳ ಮುಂದಿನ ಫುಟ್‌ಪಾತು ಹಳೆಯ ಪುಸ್ತಕಗಳ ಸಂತೆಯಾಗುತ್ತದೆ. ಇಲ್ಲಿ ಕೊಂಡ ಪುಸ್ತಕ ಹೊತ್ತು ಹೊರಟರೆ ಕೋಠಿಯ ಮೇಲೆ ಕಾಚಿಗುಡಕ್ಕೆ ಮೂರು ಕಿಲೋಮೀಟರಿನಷ್ಟು ದಾರಿ. ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ವಿದ್ಯಾಸಂಸ್ಥೆಯೂ ಇರುವುದರಿಂದ ಹೈದರಾಬಾದಿನ ಕನ್ನಡಿಗರಿಗೆ ಕಾಚಿಗುಡ ತವರಿನಂಥ ಜಾಗ. ಕಲಬುರಗಿ, ಬೀದರ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಆ ಕಡೆಯ ಮನೆಗಳಿಗೆ ಈ ಊರಿನ ನಂಟು ಹಳೆಯದು. ಮೂರು ಕಿಲೋಮೀಟರು ಸೈಕಲ್ಲಿಗೆ ಹೇಳಿ ಮಾಡಿಸಿದ ದೂರ. ಆದರೆ ಆ ದೂರದಲ್ಲಿ ಹಂಪುಗಳಿವೆ, ತೇಪೆ ಹಾಕಿದ ಡಾಂಬರಿದೆ, ಮಳೆಗಾಲದಲ್ಲಿ ನೀರಿನಡಿ ಅಡಗಿದ ಗುಂಡಿಗಳೂ ಇವೆ.

ಹೊರೆಯ ವಿಷಯಕ್ಕೆ ಬಂದರೆ ಪುಸ್ತಕ ಮೋಸಗಾರ ಸಾಮಾನು. ಸಾಮಾನ್ಯ ಡೆಮಿ ಆಕಾರದ ಪುಸ್ತಕ ಸುಮಾರು 14 ಸೆ.ಮೀ. ಅಗಲ, 21.5 ಸೆ.ಮೀ. ಉದ್ದ ಇರುತ್ತದೆ. ಎರಡು ಸಾಲು ಪಕ್ಕಪಕ್ಕ ಇಟ್ಟು ಒಂದು ಗೇಣಿಗಿಂತ ತುಸು ಎತ್ತರಕ್ಕೆ, 25 ಸೆ.ಮೀ.ವರೆಗೆ ಪೇರಿಸಿದರೆ ಗಾತ್ರ 15 ಲೀಟರು. ಮುದ್ರಣದ ಕಾಗದ ಲೀಟರಿಗೆ ಮುಕ್ಕಾಲು ಕೆ.ಜಿ. ತೂಗುತ್ತದೆ ಎಂದು ಹಿಡಿದರೂ ಕಟ್ಟಿನ ತೂಕ 11 ಕೆ.ಜಿ. ದಾಟಿತು. ನುಣುಪು ಕಾಗದದ ಚಿತ್ರಪುಸ್ತಕಗಳು ಇನ್ನೂ ಭಾರ. ಕಣ್ಣಿಗೆ ಒಂದು ಸಣ್ಣ ಪೆಟ್ಟಿಗೆಯಷ್ಟು ಕಾಣುವ ಕಟ್ಟು ಕ್ಯಾರಿಯರಿನ ಅಂಗೈಯಗಲದ ಜಾಗದ ಮೇಲೆ ಇಷ್ಟು ಭಾರ ಹೇರುತ್ತದೆ. ಕಚೇರಿಗೆ ಹೋಗುವವರ ಲ್ಯಾಪ್‌ಟಾಪು, ಊಟದ ಡಬ್ಬಿ, ನೀರಿನ ಬಾಟಲಿ, ಮಳೆಯಂಗಿ, ಬೀಗ ಎಲ್ಲ ಸೇರಿದರೂ ಆರೇಳು ಕೆ.ಜಿ. ದಾಟುವುದು ಅಪರೂಪ. ಅವರಿಗೂ ಸಂಜೆ ತರಕಾರಿ, ಅಕ್ಕಿ ಜೊತೆಗೂಡುತ್ತವೆ. ದಿನದ ಸರಾಸರಿ ಹೊರೆಗಲ್ಲ, ತಿಂಗಳಿಗೊಮ್ಮೆ ಬರುವ ಅತಿ ದೊಡ್ಡ ಹೊರೆಗೆ ತಕ್ಕ ಕ್ಯಾರಿಯರ್ ಆರಿಸಿಕೊಳ್ಳುವುದು ಲೇಸು.

ಭಾರತದ ಹಳೆಯ ಕರಿ ಸೈಕಲ್ ಈ ವಿಷಯದಲ್ಲಿ ಒಳ್ಳೆಯ ಮೇಷ್ಟ್ರು. 1950ರ ದಶಕದಿಂದ ಅಟ್ಲಾಸ್, ಹೀರೊ, ಹರ್ಕ್ಯುಲಿಸ್‌ನಂಥ ಹೆಸರುಗಳಲ್ಲಿ ಸೋನಿಪತ್, ಲುಧಿಯಾನ, ಮದರಾಸುಗಳಿಂದ ದೇಶದ ಉದ್ದಗಲಕ್ಕೂ ಹರಡಿದ ಈ ಸೈಕಲ್ಲುಗಳು ಹಾಲಿನ ಕ್ಯಾನು, ಅಂಚೆಯ ಚೀಲ, ಹುಲ್ಲಿನ ಹೊರೆ, ಮನೆಯವರನ್ನೂ ಹೊತ್ತಿವೆ. ಅದರ ಕ್ಯಾರಿಯರ್ ಕಬ್ಬಿಣದ ದಪ್ಪ ಪಟ್ಟಿಯದು. ಎರಡು ಕಾಲುಗಳ ತುದಿಯನ್ನು ಚಪ್ಪಟೆಯಾಗಿ ಬಡಿದು ತೂತು ಕೊರೆದು, ಆ ತೂತನ್ನು ನೇರವಾಗಿ ಹಿಂಚಕ್ರದ ಆಕ್ಸಲ್‌ಗೆ ಪೋಣಿಸಿ ಚಕ್ರದ ನಟ್ಟಿನಿಂದಲೇ ಬಿಗಿಯುತ್ತಾರೆ. ಭಾರ ಇಳಿಯುವ ದಾರಿ ಇದಕ್ಕಿಂತ ನೇರವಾಗಿರಲು ಸಾಧ್ಯವಿಲ್ಲ. ನಡುವೆ ಸಣ್ಣ ಬೋಲ್ಟು ಇಲ್ಲ, ಫ್ರೇಮಿನ ತೆಳು ಭಾಗವೂ ಇಲ್ಲ. ಚಕ್ರವೂ ಇದಕ್ಕೆ ತಕ್ಕಂತೆ ಸಜ್ಜಾಗಿದೆ. ಮುಂಚಕ್ರಕ್ಕೆ 32 ಕಡ್ಡಿಗಳಿದ್ದರೆ ಹಿಂಚಕ್ರಕ್ಕೆ 40. ಹೊರೆ ಎಲ್ಲಿ ಬೀಳುತ್ತದೆಂದು ಬಲ್ಲವರು ಹಾಕಿದ ಲೆಕ್ಕ ಅದು. ಈ ಏರ್ಪಾಟಿಗೆ ಒಂದು ತೊಡಕಿದೆ. ಪಂಕ್ಚರ್ ಹಾಕಲು ಚಕ್ರ ಬಿಚ್ಚುವಾಗಲೆಲ್ಲ ಕ್ಯಾರಿಯರ್, ಮಡ್‌ಗಾರ್ಡು, ಸ್ಟ್ಯಾಂಡು ಮೂರನ್ನೂ ಸಡಿಲಿಸಬೇಕು. ಪಂಕ್ಚರ್ ಅಂಗಡಿಯವರು ಚಕ್ರ ಬಿಚ್ಚದೆ ಟ್ಯೂಬನ್ನಷ್ಟೇ ಪಕ್ಕಕ್ಕೆ ಎಳೆದು ತೇಪೆ ಹಾಕುವುದಕ್ಕೆ ಇದೂ ಒಂದು ಕಾರಣ.

ಈಗಿನ ಹಗುರ ಸೈಕಲ್ಲುಗಳಲ್ಲಿ ಬಹುಪಾಲು ಕ್ಯಾರಿಯರ್ ಇಲ್ಲದೆಯೇ ಬರುತ್ತವೆ. ಹಾಗಾಗಿ ಆಯ್ಕೆ ಶುರುವಾಗಬೇಕಾದದ್ದು ಅಂಗಡಿಯ ಕಪಾಟಿನಿಂದಲ್ಲ, ಮನೆಯ ಸೈಕಲ್ಲಿನ ಹಿಂಬದಿಯಿಂದ. ಸೈಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಆಕ್ಸಲ್ ಕೂರುವ ಜಾಗದ ಸ್ವಲ್ಪ ಮೇಲೆ ನೋಡಿದರೆ, ಎರಡು ಕಡೆಯೂ ಥ್ರೆಡ್ಡಿರುವ ಚಿಕ್ಕ ತೂತು ಇದೆಯೇ ಇಲ್ಲವೇ ಎಂಬುದು ಗೊತ್ತಾಗುತ್ತದೆ. ಸೀಟಿನ ಬುಡದಿಂದ ಆಕ್ಸಲ್‌ಗೆ ಇಳಿಯುವ ಜೋಡಿ ಪೈಪುಗಳ ಮೇಲ್ಭಾಗದಲ್ಲಿ ಅಂಥದೇ ಇನ್ನೆರಡು ಇರಬೇಕು. ಒಟ್ಟು ನಾಲ್ಕು ತೂತು. ನಾಲ್ಕೂ ಇದ್ದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಬಣ್ಣ ತುಂಬಿಕೊಂಡು ತೂತು ಕಣ್ಣಿಗೆ ಬೀಳದೆ ಇರುವುದೂ ಉಂಟು. ಬೆರಳಿನಿಂದ ಸವರಿ ನೋಡಬೇಕು.

ಮೇಲಿನ ಎರಡು ತೂತು ಇಲ್ಲದಿದ್ದರೆ ಗಾಬರಿಯಿಲ್ಲ. ಪೈಪನ್ನು ಬಳಸಿ ಹಿಡಿಯುವ, ಒಳಗೆ ರಬ್ಬರ್ ಹೊದಿಸಿದ ಕ್ಲ್ಯಾಂಪುಗಳು ಆ ಕೆಲಸ ಮಾಡುತ್ತವೆ. ಸೀಟ್ ಪೈಪನ್ನು ಬಿಗಿಯುವ ಕಾಲರಿನಲ್ಲೇ ಎರಡು ತೂತು ಕೊಟ್ಟಿರುವ ಮಾದರಿಯೂ ಸಿಗುತ್ತದೆ. ಮೇಲ್ತುದಿಯ ಕೆಲಸ ಹಿಡಿದುಕೊಳ್ಳುವುದಾದ್ದರಿಂದ ಇಷ್ಟು ಸಾಕು. ಕೆಳಗಿನ ಎರಡು ತೂತು ಇಲ್ಲದಿದ್ದರೆ ಮಾತು ಬೇರೆ. ಅಲ್ಲಿಯೂ ಕ್ಲ್ಯಾಂಪು ಹಾಕಿ ಕ್ಯಾರಿಯರಿನ ಕಾಲು ನಿಲ್ಲಿಸಿದರೆ ಇಡೀ ಭಾರ ರಬ್ಬರಿನ ಘರ್ಷಣೆಯ ಮೇಲೆ ನಿಂತಂತಾಗುತ್ತದೆ. ನಾಲ್ಕಾರು ಹಂಪು ಹಾರಿದ ಮೇಲೆ ಕ್ಲ್ಯಾಂಪು ಪೈಪಿನುದ್ದಕ್ಕೂ ಕೆಳಕ್ಕೆ ಜಾರುತ್ತದೆ. ಅಂಥ ಸೈಕಲ್ಲಿಗೆ ಹಳೆಯ ಸೈಕಲ್ಲಿನಂತೆ ಆಕ್ಸಲ್‌ಗೇ ಕಾಲೂರುವ ಕ್ಯಾರಿಯರ್ ಉತ್ತಮ. ಕಾರ್ಬನ್ ಫ್ರೇಮಿನ ಪೈಪಿಗೆ ಕ್ಲ್ಯಾಂಪು ಬಿಗಿಯಲೇಬಾರದು. ಆ ವಸ್ತು ಉದ್ದಕ್ಕೆ ಬಲಶಾಲಿ, ಹಿಸುಕಿದರೆ ದುರ್ಬಲ.

ಸೀಟ್ ಪೈಪನ್ನು ಮಾತ್ರ ಕಚ್ಚಿಕೊಂಡು ಹಿಂದಕ್ಕೆ ಚಾಚಿ ನಿಲ್ಲುವ ಕ್ಯಾರಿಯರುಗಳೂ ಮಾರಾಟಕ್ಕಿವೆ. ಎರಡು ನಿಮಿಷದಲ್ಲಿ ಕೂರಿಸಬಹುದು, ಯಾವ ತೂತೂ ಬೇಡ. ಆದರೆ ಇದು ಸೇತುವೆಯಲ್ಲ, ಗೋಡೆಯಿಂದ ಹೊರಚಾಚಿದ ಸಜ್ಜ. ಸೀಟ್ ಪೈಪಿನಿಂದ 30 ಸೆ.ಮೀ. ಹಿಂದೆ 10 ಕೆ.ಜಿ. ಇಟ್ಟರೆ ಹಿಡಿತದ ಜಾಗದಲ್ಲಿ ಸುಮಾರು 30 ನ್ಯೂಟನ್-ಮೀಟರಿನ ತಿರುಚು ಬಲ ಬೀಳುತ್ತದೆ. ಗುಂಡಿಗೆ ಇಳಿದ ಕ್ಷಣದಲ್ಲಿ ಭಾರ ಮೂರು ಪಟ್ಟಾಯಿತು ಎಂದುಕೊಂಡರೆ ಅದು 90ಕ್ಕೆ ಏರುತ್ತದೆ. ಒಂದು ಮೀಟರ್ ಉದ್ದದ ಹಾರೆಯ ತುದಿಗೆ 9 ಕೆ.ಜಿ. ತೂಗುಬಿಟ್ಟು, ಇನ್ನೊಂದು ತುದಿಯನ್ನು ಒಂದು ಕ್ಲ್ಯಾಂಪಿನಲ್ಲಿ ಹಿಡಿದಂತೆ. ಕಾಲುಗಳಿರುವ ಕ್ಯಾರಿಯರಿನಲ್ಲಿ ಇದೇ 10 ಕೆ.ಜಿ. ಕಾಲುಗಳನ್ನು ಉದ್ದುದ್ದಕ್ಕೆ ಒತ್ತುತ್ತದೆ. ಲೋಹದ ಕಡ್ಡಿಯನ್ನು ಬಗ್ಗಿಸುವುದು ಸುಲಭ, ಉದ್ದಕ್ಕೆ ಒತ್ತಿ ಮುರಿಯುವುದು ಕಷ್ಟ. ಮೇಲಾಗಿ ಈ ಸಜ್ಜ ದುಂಡು ಪೈಪನ್ನು ಹಿಡಿದಿರುವುದರಿಂದ ತಿರುವಿನಲ್ಲಿ ಎಡಬಲಕ್ಕೆ ತಿರುಗಲೂ ನೋಡುತ್ತದೆ. ಒಂದು ಅಂಗಿ, ಮಳೆಯಂಗಿ ಹೊರಲು ಇದು ಸಾಕು. ದಿನವೂ ಕೆಲಸಕ್ಕೆ ಹೋಗುವವರಿಗೆ, ಅದರಲ್ಲೂ ಪುಸ್ತಕ ಹೊರುವವರಿಗೆ, ತಕ್ಕದ್ದಲ್ಲ.

ನಾಲ್ಕು ತೂತುಗಳಲ್ಲಿ ಕೂರುವುದು ಸಾಮಾನ್ಯವಾಗಿ 5 ಮಿ.ಮೀ. ದಪ್ಪದ ಬೋಲ್ಟು, ಎಂ5 ಎಂದು ಗುರುತು. ಪೆನ್ಸಿಲ್ಲಿಗಿಂತ ತೆಳು. ಒಳ್ಳೆಯ ಉಕ್ಕಿನದಾದರೆ ಉದ್ದಕ್ಕೆ ಎಳೆದಾಗ ಇಂಥ ಒಂದು ಬೋಲ್ಟು ಸುಮಾರು 800 ಕೆ.ಜಿ. ತೂಕದ ಎಳೆತವನ್ನು ತಾಳುತ್ತದೆ. ಹಾಗಿದ್ದೂ ಕ್ಯಾರಿಯರ್ ಕೈಕೊಟ್ಟ ಕಡೆಗಳಲ್ಲಿ ಮುರಿದದ್ದು ಬಹಳ ಸಲ ಬೋಲ್ಟೇ ಆಗಿರುತ್ತದೆ. ಬೋಲ್ಟು ಭಾರವನ್ನು ಹೊರುವುದು ತನ್ನ ಮೈಮೇಲಲ್ಲ ಎಂಬುದು ತಿಳಿದರೆ ಇದು ಅರ್ಥವಾಗುತ್ತದೆ. ಬಿಗಿಯಾಗಿ ತಿರುಗಿಸಿದ ಬೋಲ್ಟು ಕ್ಯಾರಿಯರಿನ ಕಾಲನ್ನು ಫ್ರೇಮಿಗೆ ಅದುಮುತ್ತದೆ. ಅದುಮಿದ ಎರಡು ಮೈಗಳ ನಡುವಿನ ಘರ್ಷಣೆ ಭಾರವನ್ನು ದಾಟಿಸುತ್ತದೆ. ಬೋಲ್ಟು ಅರ್ಧ ಸುತ್ತು ಸಡಿಲವಾದರೂ ಆ ಘರ್ಷಣೆ ಹೋಯಿತು. ಆಮೇಲೆ ಪ್ರತಿ ಗುಂಡಿಯಲ್ಲೂ ಕಾಲು ಬೋಲ್ಟಿನ ಮೇಲೆ ಕುಣಿಯುತ್ತದೆ, ಬೋಲ್ಟು ಒಂದಿಷ್ಟೇ ಬಾಗಿ ಮರಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುವ ಹಾಗೆ ಒಂದು ದಿನ ತುಂಡಾಗುತ್ತದೆ. 10 ಸೆ.ಮೀ. ಉದ್ದದ ಅಲೆನ್ ಕೀಯ ತುದಿಯನ್ನು ಐದು ಕೆ.ಜಿ. ಎತ್ತುವಷ್ಟು ಬಲದಿಂದ ಒತ್ತಿದರೆ ಬಿಗಿತ ಸರಿಯಾಗುತ್ತದೆ. ಅದಕ್ಕಿಂತ ಬಹಳ ಹೆಚ್ಚು ಬಿಗಿದರೆ ಅಲ್ಯೂಮಿನಿಯಂ ಫ್ರೇಮಿನ ಥ್ರೆಡ್ಡೇ ಹರಿದುಹೋದೀತು.

ಕಾಲು ಮತ್ತು ಫ್ರೇಮಿನ ನಡುವೆ ಅಂತರ ತುಂಬಲು ಉದ್ದ ವಾಷರುಗಳನ್ನು ಪೇರಿಸುವುದೂ ಇದೇ ಕಾರಣಕ್ಕೆ ಒಳ್ಳೆಯದಲ್ಲ. ಫ್ರೇಮಿಗೆ ತಾಗದೆ ಎರಡು ಸೆ.ಮೀ. ದೂರ ನಿಂತ ಕಾಲು ಬೋಲ್ಟನ್ನು ಸನ್ನೆಯಂತೆ ಬಾಗಿಸುತ್ತದೆ. ಡಿಸ್ಕ್ ಬ್ರೇಕಿನ ಸೈಕಲ್ಲುಗಳಲ್ಲಿ ಈ ತೊಂದರೆ ಹೆಚ್ಚು. ಬ್ರೇಕಿನ ಕ್ಯಾಲಿಪರ್ ಕೆಲವು ಫ್ರೇಮುಗಳಲ್ಲಿ ಸರಿಯಾಗಿ ಕ್ಯಾರಿಯರಿನ ಎಡಗಾಲು ಬರಬೇಕಾದ ಜಾಗದಲ್ಲೇ ಉಬ್ಬಿರುತ್ತದೆ. ಅದಕ್ಕೆಂದೇ ಕಾಲನ್ನು ಹೊರಕ್ಕೆ ಬಗ್ಗಿಸಿ ಮಾಡಿದ ಕ್ಯಾರಿಯರುಗಳಿವೆ. ಕ್ಯಾಲಿಪರ್ ಎರಡು ಪೈಪುಗಳ ಮೂಲೆಯೊಳಗೆ ಅಡಗಿರುವ ಫ್ರೇಮಾದರೆ ಸಾಮಾನ್ಯ ಕ್ಯಾರಿಯರೇ ಕೂರುತ್ತದೆ. ಸೈಕಲ್ಲನ್ನೇ ಅಂಗಡಿಗೆ ತಳ್ಳಿಕೊಂಡು ಹೋಗಿ ಕೂರಿಸಿ ನೋಡಿದರೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಲೋಹ ಯಾವುದಿರಬೇಕು ಎಂಬ ಪ್ರಶ್ನೆಗೆ ಲೆಕ್ಕವೇ ಚೆನ್ನಾಗಿ ಉತ್ತರಿಸುತ್ತದೆ. ಬಾಗುವಿಕೆಯನ್ನು ತಡೆಯುವ ಗುಣದಲ್ಲಿ ಉಕ್ಕು ಅಲ್ಯೂಮಿನಿಯಮ್ಮಿನ ಮೂರು ಪಟ್ಟು ಗಟ್ಟಿ. ತೂಕದಲ್ಲೂ ಸುಮಾರು ಮೂರು ಪಟ್ಟು. ಹಾಗಾದರೆ ಎರಡೂ ಒಂದೇ ಎನ್ನಿಸಬಹುದು. ವ್ಯತ್ಯಾಸ ಮಾಡುವುದು ಆಕಾರ. ದುಂಡು ಸರಳಿನ ಬಿಗುವು ಅದರ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ: 8 ಮಿ.ಮೀ. ಸರಳಿಗಿಂತ 10 ಮಿ.ಮೀ. ಸರಳು ಸುಮಾರು ಎರಡೂವರೆ ಪಟ್ಟು ಬಿಗು. ಅಗ್ಗದ ಅಲ್ಯೂಮಿನಿಯಂ ಕ್ಯಾರಿಯರುಗಳಲ್ಲಿ 10 ಮಿ.ಮೀ.ನ ಗಟ್ಟಿ ಸರಳಿರುವುದು ಸಾಮಾನ್ಯ. ಮೀಟರಿಗೆ ಸುಮಾರು 210 ಗ್ರಾಂ. ಅದೇ 10 ಮಿ.ಮೀ. ಹೊರದಪ್ಪದ, ಒಳಗೆ ಟೊಳ್ಳಾದ, ಒಂದು ಮಿ.ಮೀ. ಗೋಡೆಯ ಉಕ್ಕಿನ ಕೊಳವೆ ಮೀಟರಿಗೆ 220 ಗ್ರಾಂ ತೂಗುತ್ತದೆ. ಹತ್ತು ಗ್ರಾಂ ಹೆಚ್ಚಿಗೆ, ಬಿಗುವು ಮಾತ್ರ ಒಂದೂಮುಕ್ಕಾಲು ಪಟ್ಟು. ಬಾಗುವ ವಸ್ತುವಿನ ಹೊರಮೈಯೇ ಬಹುಪಾಲು ಕೆಲಸ ಮಾಡುತ್ತದೆ, ನಡುವಿನ ತಿರುಳು ತೂಕಕ್ಕಷ್ಟೇ ಎಂಬುದು ಇದರ ಒಳಗುಟ್ಟು. ಬಿದಿರಿನ ಗಳು ಟೊಳ್ಳಾಗಿದ್ದೂ ಗಟ್ಟಿಯಾಗಿರುವುದು ಇದೇ ನಿಯಮದಿಂದ. ದೂರದ ಪ್ರವಾಸಕ್ಕೆ ಮಾಡಿದ ದುಬಾರಿ ಕ್ಯಾರಿಯರುಗಳು ಉಕ್ಕಿನ ಕೊಳವೆಯವಾಗಿರುವುದು ಈ ಲೆಕ್ಕದಿಂದಲೇ.

ಆಯಾಸ ಎಂಬ ಗುಣವನ್ನೂ ಗಣಿಸಬೇಕು. ಒಂದು ಮಿತಿಗಿಂತ ಕೆಳಗಿನ ಒತ್ತಡವನ್ನು ಉಕ್ಕು ಎಷ್ಟು ಲಕ್ಷ ಸಲವಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಸಣ್ಣ ಕುಲುಕಾಟವೂ ಅದರ ಆಯುಸ್ಸಿನ ಖಾತೆಯಿಂದ ಒಂದಿಷ್ಟು ಕಳೆಯುತ್ತದೆ. ವೆಲ್ಡಿಂಗ್ ಮಾಡಿದ ಕಡೆ ಕಾವಿನಿಂದ ಅದರ ಬಲ ಇನ್ನೂ ತಗ್ಗಿರುತ್ತದೆ; ಬಿರುಕು ಹುಟ್ಟುವುದು ಬಹುಮಟ್ಟಿಗೆ ಬೆಸುಗೆಯ ಅಂಚಿನಲ್ಲೇ. ಹಾಗೆಂದು ಅಲ್ಯೂಮಿನಿಯಂ ಬೇಡ ಎನ್ನುವಂತಿಲ್ಲ. ಅದು ತುಕ್ಕು ಹಿಡಿಯುವುದಿಲ್ಲ, ಅಗ್ಗಕ್ಕೆ ಸಿಗುತ್ತದೆ, ಹತ್ತು ಕೆ.ಜಿ.ಯ ದಿನಬಳಕೆಯಲ್ಲಿ ಹಲವು ವರ್ಷ ಬಾಳುತ್ತದೆ. ಆದರೆ ಮುರಿದರೆ ಬೀದಿಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಸಾಮಾನ್ಯವಾಗಿ ರಿಪೇರಿಯಾಗುವುದಿಲ್ಲ. ಅದಕ್ಕೆ ಬೇರೆಯದೇ ಬೆಸುಗೆಯ ಯಂತ್ರ, ಬೇರೆ ಕೈ ಬೇಕು. ಉಕ್ಕಿನದನ್ನು ಗೇಟು, ಗ್ರಿಲ್ಲು ಬೆಸೆಯುವ ಯಾವ ಅಂಗಡಿಯವರೂ ಹತ್ತು ನಿಮಿಷದಲ್ಲಿ ಕೂಡಿಸಿಕೊಡುತ್ತಾರೆ. ಹದಿನೈದು ಇಪ್ಪತ್ತು ಕೆ.ಜಿ. ದಿನವೂ ಹೊರುವವರು ಉಕ್ಕನ್ನೇ ಆರಿಸಿಕೊಳ್ಳಬೇಕೆನ್ನಲು ಇಷ್ಟು ಸಾಕು.

ಕ್ಯಾರಿಯರಿನ ಮೇಲೆ ಅಚ್ಚೊತ್ತಿದ ಅಂಕಿಯನ್ನು ಓದುವ ರೀತಿಯೂ ಇದೆ. ಸೈಕಲ್ ಕ್ಯಾರಿಯರುಗಳಿಗೆ ಐಎಸ್‌ಒ 11243 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಆ ಪ್ರಕಾರ ಪರೀಕ್ಷೆಗೆ ಒಳಗಾದ ಕ್ಯಾರಿಯರಿನ ಮೇಲೆ ಅದು ಹೊರಬಹುದಾದ ಅತಿ ಹೆಚ್ಚಿನ ತೂಕ ಅಳಿಸದಂತೆ ಗುರುತಾಗಿರಬೇಕು. ಸಾಮಾನ್ಯವಾಗಿ ಕಾಣುವ ಅಂಕಿಗಳು 10, 18, 25, 27 ಕೆ.ಜಿ. ಭಾರವನ್ನು ಮೇಲಿಂದ ಒತ್ತುವುದರ ಜೊತೆಗೆ ಪಕ್ಕಕ್ಕೆ ಎಳೆದು, ಮತ್ತೆ ಮತ್ತೆ ಕುಲುಕಿ ನೋಡುವುದೂ ಈ ಪರೀಕ್ಷೆಯಲ್ಲಿ ಸೇರಿದೆ. ಚೀಲಗಳ ಸ್ವಂತ ತೂಕವೂ ಆ ಅಂಕಿಯೊಳಗೇ ಸೇರಬೇಕು. ಗಟ್ಟಿ ಜಲನಿರೋಧಕ ಚೀಲದ ಜೋಡಿ ಒಂದೂವರೆ ಎರಡು ಕೆ.ಜಿ. ನುಂಗುತ್ತದೆ. 25 ಎಂದು ಬರೆದಿರುವ ಕ್ಯಾರಿಯರಿನ ಮೇಲೆ ಮನುಷ್ಯರನ್ನು ಕೂರಿಸಬಾರದು. ಕರಿ ಸೈಕಲ್ಲಿನ ಮೇಲೆ ದೊಡ್ಡವರು ಕೂತು ಹೋಗುವುದನ್ನು ನೋಡಿ ಬೆಳೆದವರಿಗೆ ಈ ಮಾತು ಒತ್ತಿ ಹೇಳಬೇಕಾಗುತ್ತದೆ. ಮಗುವಿನ ಆಸನ ಕೂರಿಸುವುದಿದ್ದರೆ, ಆ ಕೆಲಸಕ್ಕೆ ಆಗುತ್ತದೆಂದು ತಯಾರಕರೇ ಬರೆದಿರುವ ಕ್ಯಾರಿಯರ್ ಮಾತ್ರ ಆಗಬಹುದು. ಅಂಕಿಯೇ ಇಲ್ಲದ ಕ್ಯಾರಿಯರುಗಳನ್ನು ಕೈಯಿಂದ ಪರೀಕ್ಷಿಸಬಹುದು: ಸೈಕಲ್ಲಿಗೆ ಕೂರಿಸಿದ ಮೇಲೆ ಹಿಂತುದಿಯನ್ನು ಹಿಡಿದು ಎಡಬಲಕ್ಕೆ ಅಲುಗಾಡಿಸಿದಾಗ ಇಡೀ ಸೈಕಲ್ಲು ಅಲುಗಬೇಕು, ಕ್ಯಾರಿಯರೊಂದೇ ಅಲುಗಬಾರದು. ಪ್ರತಿ ಪಕ್ಕದ ಕಾಲುಗಳು ಕೆಳಗೆ ಕೂಡಿ ತ್ರಿಕೋನವಾಗಿದ್ದರೆ ಈ ಬಿಗಿ ಸಹಜವಾಗಿ ಬರುತ್ತದೆ. ತ್ರಿಕೋನದ ಮೂರು ಬಾಹುಗಳ ಉದ್ದ ಬದಲಾಗದೆ ಅದರ ಆಕಾರ ಬದಲಾಗುವುದಿಲ್ಲ. ಆಯತ ಹಾಗಲ್ಲ, ತಳ್ಳಿದರೆ ವಾಲುತ್ತದೆ.

ಪ್ಯಾನಿಯರ್ ಚೀಲ ಹಾಕುವವರಿಗೆ ಎದುರಾಗುವ ದೊಡ್ಡ ಕಿರಿಕಿರಿ ಹಿಮ್ಮಡಿಯದು. ಪೆಡಲ್ ಹಿಂದಕ್ಕೆ ಬಂದಾಗಲೆಲ್ಲ ಹಿಮ್ಮಡಿ ಚೀಲಕ್ಕೆ ಬಡಿಯುತ್ತದೆ. ಕೊಳ್ಳುವ ಮೊದಲೇ ಅಳತೆಪಟ್ಟಿ ಹಿಡಿದು ಇದನ್ನು ಲೆಕ್ಕ ಹಾಕಬಹುದು. ಪೆಡಲ್ ತೋಳುಗಳ ನಡುಬಿಂದುವಿನಿಂದ ಹಿಂದಿನ ಆಕ್ಸಲ್‌ಗೆ 44 ಸೆ.ಮೀ. ಇದೆ ಎನ್ನೋಣ. ಪೆಡಲ್ ತೋಳಿನ ಉದ್ದ 17 ಸೆ.ಮೀ. ತೋಳು ಪೂರ್ತಿ ಹಿಂದಕ್ಕೆ ಬಂದಾಗ ಪೆಡಲ್ ಆಕ್ಸಲ್‌ಗಿಂತ 27 ಸೆ.ಮೀ. ಮುಂದೆ ಇರುತ್ತದೆ. ಪಾದದ ಉಬ್ಬಿನಿಂದ ಶೂ ಹಿಮ್ಮಡಿವರೆಗೆ ಸುಮಾರು 19.5 ಸೆ.ಮೀ. ಕಳೆದರೆ ಹಿಮ್ಮಡಿ ನಿಲ್ಲುವುದು ಆಕ್ಸಲ್‌ಗಿಂತ ಏಳೂವರೆ ಸೆ.ಮೀ. ಮುಂದೆ. ಎರಡೂವರೆ ಸೆ.ಮೀ. ಗಾಳಿ ಬಿಟ್ಟರೆ, ಚೀಲದ ಮುಂದಿನ ಕೆಳಮೂಲೆ ಆಕ್ಸಲ್‌ಗಿಂತ ಐದು ಸೆ.ಮೀ. ಮಾತ್ರ ಮುಂದೆ ಬರಬಹುದು. 30 ಸೆ.ಮೀ. ಅಗಲದ ಚೀಲದ ನಡುಭಾಗ ಆಗ ಆಕ್ಸಲ್‌ಗಿಂತ 10 ಸೆ.ಮೀ. ಹಿಂದೆ ಬೀಳುತ್ತದೆ.

ಈ ಹತ್ತು ಸೆ.ಮೀ.ಗೂ ಒಂದು ಬೆಲೆ ತೆರಬೇಕು. ಆಕ್ಸಲ್‌ಗಿಂತ ಹಿಂದೆ ಬಿದ್ದ ಭಾರ ಹಿಂಚಕ್ರವನ್ನು ಅದುಮುವುದರ ಜೊತೆಗೆ ಮುಂಚಕ್ರವನ್ನು ಎತ್ತುತ್ತದೆ. ಎರಡು ಚಕ್ರಗಳ ಅಂತರ 105 ಸೆ.ಮೀ. ಇದ್ದು 20 ಕೆ.ಜಿ. ಹತ್ತು ಸೆ.ಮೀ. ಹಿಂದೆ ಇದ್ದರೆ ಮುಂಚಕ್ರದ ಮೇಲಿನ ಭಾರದಲ್ಲಿ ಸುಮಾರು ಎರಡು ಕೆ.ಜಿ. ಕಡಿತ. ಅದು ತಿಳಿಯುವುದೂ ಇಲ್ಲ. ಭಾರದ ನಡುಭಾಗ 25 ಸೆ.ಮೀ. ಹಿಂದೆ ಸರಿದರೆ ಕಡಿತ ಐದು ಕೆ.ಜಿ.ಯ ಹತ್ತಿರ ಬರುತ್ತದೆ. ಬಂಜಾರಾ ಹಿಲ್ಸ್‌ನಂಥ ಏರಿನಲ್ಲಿ ಹ್ಯಾಂಡಲ್ ಹಗುರಾಗಿ ಅತ್ತಿತ್ತ ಅಲೆಯತೊಡಗುತ್ತದೆ. ಆದ್ದರಿಂದ ಹಿಮ್ಮಡಿಗೆ ತಾಗದಷ್ಟು ಹಿಂದೆ, ಅದಕ್ಕಿಂತ ಒಂದು ಬೆರಳೂ ಹಿಂದೆ ಬೇಡ. ಮುಂದಿನ ಕೆಳಮೂಲೆಯನ್ನು ಓರೆಯಾಗಿ ಕತ್ತರಿಸಿ ಹೊಲಿದ ಚೀಲಗಳು ಇದಕ್ಕೆ ಚೆಂದದ ಪರಿಹಾರ. ಕರಿ ಸೈಕಲ್ಲಿನ ಹಿಂಭಾಗ ಉದ್ದವಾಗಿರುವುದರಿಂದ ಅದರಲ್ಲಿ ಈ ತಾಪತ್ರಯ ಇಲ್ಲವೆಂದೇ ಹೇಳಬಹುದು. ಗೇರುಗಳ, ಹಿಂಭಾಗ ಮೋಟಾದ ಸೈಕಲ್ಲುಗಳಲ್ಲಿ ಅದು ಹೆಚ್ಚು.

ಅಬಿಡ್ಸ್‌ನ ಪುಸ್ತಕದ ಕಟ್ಟನ್ನು ಕ್ಯಾರಿಯರಿನ ನೆತ್ತಿಯ ಮೇಲೆ ಇಟ್ಟರೆ ಅದರ ಭಾರಕೇಂದ್ರ ನೆಲದಿಂದ ಸುಮಾರು 87 ಸೆ.ಮೀ. ಎತ್ತರದಲ್ಲಿರುತ್ತದೆ. ಎರಡು ಪಾಲು ಮಾಡಿ ಪಕ್ಕದ ಚೀಲಗಳ ತಳಕ್ಕೆ ಇಳಿಸಿದರೆ 50 ಸೆ.ಮೀ. ಸೈಕಲ್ ಐದು ಡಿಗ್ರಿ ವಾಲಿದಾಗ ಮೊದಲನೆಯದು 7.6 ಸೆ.ಮೀ. ಪಕ್ಕಕ್ಕೆ ಸರಿಯುತ್ತದೆ, ಎರಡನೆಯದು 4.4 ಸೆ.ಮೀ. ಓಡುವಾಗ ಈ ವ್ಯತ್ಯಾಸ ಅಷ್ಟು ಕಾಡದು. ಸಿಗ್ನಲ್ಲಿನಲ್ಲಿ ಒಂದು ಕಾಲೂರಿ ನಿಲ್ಲುವಾಗ, ಇಳಿದು ತಳ್ಳುವಾಗ, ಪಕ್ಕದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕಟ್ಟು ಬಿಚ್ಚುವಾಗ ಅದು ತೋಳಿಗೆ ಗೊತ್ತಾಗುತ್ತದೆ. ಹೇರೆತ್ತಿನವರ ಸಮತೂಕದ ನಿಯಮ ಇಲ್ಲಿ ತುಸು ಸಡಿಲ: ಒಂದೇ ಚೀಲದಲ್ಲಿ ಐದಾರು ಕೆ.ಜಿ. ಇಟ್ಟುಕೊಂಡು ಹೋದರೆ ಸವಾರರು ಅರಿವಿಲ್ಲದೆ ಮೈಯನ್ನು ಕೂದಲೆಳೆಯಷ್ಟು ಇನ್ನೊಂದು ಕಡೆಗೆ ವಾಲಿಸಿ ಸರಿದೂಗಿಸುತ್ತಾರೆ. ಹತ್ತು ದಾಟಿದರೆ ಎರಡು ಚೀಲ ಬೇಕು.

ಭಾರ ಹೆಚ್ಚಿದಾಗ ಚಕ್ರದ ಕಡೆಗೂ ಕಣ್ಣು ಹೋಗಬೇಕು. 65 ಕೆ.ಜಿ.ಯ ಸವಾರ, 15 ಕೆ.ಜಿ.ಯ ಸೈಕಲ್; ಇದರಲ್ಲಿ ಐದರಲ್ಲಿ ಮೂರು ಪಾಲು ಹಿಂಚಕ್ರದ್ದು ಎಂದರೆ 48 ಕೆ.ಜಿ. ಆಕ್ಸಲ್‌ನ ನೇರಕ್ಕೆ 20 ಕೆ.ಜಿ. ಸೇರಿಸಿದರೆ 68. ಹಿಂಚಕ್ರಕ್ಕೆ ಮಾತ್ರ ಶೇಕಡಾ ನಲವತ್ತರಷ್ಟು ಏರಿಕೆ. ಹಿಂದಿನ ಟೈರಿಗೆ ಗಾಳಿ ಹೆಚ್ಚು ತುಂಬದಿದ್ದರೆ ಟ್ಯೂಬು ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಎರಡು ಕಡೆ ತೂತಾಗುತ್ತದೆ. ಒಟ್ಟು ತೂಕ 80ರಿಂದ 100 ಆದಾಗ ಅದೇ ವೇಗದಲ್ಲಿ ಬ್ರೇಕು ಹೀರಿಕೊಳ್ಳಬೇಕಾದ ಶಕ್ತಿಯೂ ಕಾಲು ಪಾಲು ಏರುತ್ತದೆ.

ಚೀಲದ ಕೊಕ್ಕೆ ಮತ್ತು ಕ್ಯಾರಿಯರಿನ ಸರಳು ಒಂದಕ್ಕೊಂದು ಹೊಂದಬೇಕು. ಪ್ಯಾನಿಯರ್ ಕೊಕ್ಕೆಗಳನ್ನು ದುಂಡು ಸರಳಿಗೆಂದು, ಮುಖ್ಯವಾಗಿ 8ರಿಂದ 16 ಮಿ.ಮೀ. ದಪ್ಪಕ್ಕೆ ಮಾಡಿರುತ್ತಾರೆ. ಕರಿ ಸೈಕಲ್ಲಿನ ಚಪ್ಪಟೆ ಪಟ್ಟಿಗೆ ಅವು ಕಚ್ಚುವುದಿಲ್ಲ. ಅದಕ್ಕೆ ಎರಡು ಚೀಲಗಳನ್ನು ನಡುವೆ ಪಟ್ಟಿಯಿಂದ ಜೋಡಿಸಿದ, ಅಂಚೆಯವರ ಚೀಲದಂತೆ ಮೇಲಿಂದ ಹಾಕುವ ಮಾದರಿಯೇ ಸರಿ. ಚೀಲದ ಕೆಳಮೂಲೆ ಕಡ್ಡಿಗಳ ನಡುವೆ ಸಿಗದಂತೆ ಕಾಯುವುದೂ ಕ್ಯಾರಿಯರಿನ ಹೊಣೆ. ಹಿಂದಕ್ಕೆ ಓರೆಯಾಗಿ ಇಳಿಯುವ ಮೂರನೆಯ ಕಾಲೊಂದಿದ್ದರೆ ಚೀಲಕ್ಕೆ ಒರಗಲು ಜಾಗ ಸಿಗುತ್ತದೆ. ಹಿಂದಿನ ಕೆಂಪು ರಿಫ್ಲೆಕ್ಟರು, ದೀಪಕ್ಕೆಂದು ತುದಿಯಲ್ಲಿ ಒಂದು ತಗಡು ಇರುವ ಕ್ಯಾರಿಯರ್ ಸಿಕ್ಕರೆ ಬಿಡಬಾರದು. ಸೀಟಿನ ಕೆಳಗಿನ ದೀಪವನ್ನು ಹೊರೆ ಮುಚ್ಚಿಬಿಡುತ್ತದೆ.

ಮೇಲೆ ಇಟ್ಟು ಕಟ್ಟುವುದಾದರೆ ಕಟ್ಟಿನ ವಿಜ್ಞಾನವನ್ನು ಹಳೆ ಟ್ಯೂಬಿನಿಂದ ಕಲಿಯಬಹುದು. ತೇಪೆಗೂ ಬಾರದ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿದ ಎರಡು ಬೆರಳಗಲದ ಪಟ್ಟಿ ಊರೂರಿನ ಕ್ಯಾರಿಯರುಗಳಿಗೆ ಸುತ್ತಿಕೊಂಡಿರುತ್ತದೆ. ಸೆಣಬಿನ ಹುರಿಯಿಂದ ಬಿಗಿದ ಪುಸ್ತಕದ ಕಟ್ಟು ನಾಲ್ಕು ಹಂಪು ದಾಟುವಷ್ಟರಲ್ಲಿ ಕುಲುಕಿ ಅರ್ಧ ಸೆ.ಮೀ. ತಗ್ಗುತ್ತದೆ. ಹುರಿ ಹಿಗ್ಗದ ವಸ್ತು. ಅಷ್ಟು ತಗ್ಗಿದರೂ ಅದರ ಬಿಗಿತ ಪೂರ್ತಿ ಸತ್ತುಹೋಗುತ್ತದೆ. ರಬ್ಬರ್ ಪಟ್ಟಿಯನ್ನು ಒಂದು ಮೊಳದಷ್ಟು ಹಿಗ್ಗಿಸಿ ಕಟ್ಟಿರುವುದರಿಂದ ಅರ್ಧ ಸೆ.ಮೀ. ಕಳೆದರೂ ಎಳೆತ ಬಹುಪಾಲು ಉಳಿದಿರುತ್ತದೆ. ಅಂಟುವ ಮೈಯಿಂದಾಗಿ ನುಣುಪು ರಕ್ಷಾಪುಟಗಳೂ ಜಾರುವುದಿಲ್ಲ. ದೊಡ್ಡ ಪುಸ್ತಕ ಕೆಳಗೆ, ಚಿಕ್ಕದು ಮೇಲೆ, ಪಟ್ಟಿ ಅಡ್ಡ ಒಂದು ಸುತ್ತು, ಉದ್ದ ಒಂದು ಸುತ್ತು. ಕೊಕ್ಕೆಯಿರುವ ಎಲಾಸ್ಟಿಕ್ ಹಗ್ಗಗಳೂ ಇದೇ ಕೆಲಸ ಮಾಡುತ್ತವೆ, ಆದರೆ ಹಿಗ್ಗಿಸಿದಾಗ ಕೊಕ್ಕೆ ತಪ್ಪಿದರೆ ನೇರ ಕಣ್ಣಿಗೇ ಹೊಡೆಯಬಹುದು. ಟ್ಯೂಬಿನ ಪಟ್ಟಿಗೆ ಕೊಕ್ಕೆಯಿಲ್ಲ, ಬಿಗಿದ ಗಂಟು ಮಾತ್ರ. ಅದು ಅದರ ಹಿರಿಮೆ.

ಹೊರೆಯ ಬಿಗಿ ಒಂದು, ಹೊರೆಯ ಗಾತ್ರ ಇನ್ನೊಂದು. 1960ರ ದಶಕದಲ್ಲಿ ತಿರುವನಂತಪುರದ ಬಳಿಯ ತುಂಬ ಉಡಾವಣಾ ಕೇಂದ್ರದಲ್ಲಿ ರಾಕೆಟ್ಟಿನ ಮೂತಿಯ ಭಾಗವನ್ನು ಸೈಕಲ್ ಕ್ಯಾರಿಯರಿನ ಮೇಲಿಟ್ಟು ಸಾಗಿಸಿದ ಚಿತ್ರವನ್ನು ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ತಿಯೇ ಬ್ರೆಸ್ಸೋನ್ ತೆಗೆದಿದ್ದಾರೆ. ಆ ಚಿತ್ರದಲ್ಲಿ ಯಾರೂ ಸೈಕಲ್ ಏರಿಲ್ಲ, ತಳ್ಳಿಕೊಂಡು ನಡೆದಿದ್ದಾರೆ. ಕ್ಯಾರಿಯರಿನ ಅಗಲಕ್ಕಿಂತ ಬಹಳ ದೊಡ್ಡದಾದ ಸಾಮಾನಿಗೆ ಅದೇ ಸರಿಯಾದ ಕ್ರಮ.

ಕೂರಿಸಿದ ಮೇಲೆ ಮೊದಲ ವಾರ ಮುಖ್ಯ. ಬಣ್ಣದ ಪದರ ಅದುಮಿಕೊಂಡು ಬೋಲ್ಟುಗಳು ತಾವಾಗಿ ಒಂದಿಷ್ಟು ಸಡಿಲವಾಗುತ್ತವೆ. ವಾರದ ಕೊನೆಗೆ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಅಲೆನ್ ಕೀ ಹಾಕಿ ನೋಡಬೇಕು. ಹೈದರಾಬಾದಿನ ಮಳೆಯಲ್ಲಿ ಹೆಚ್ಚಿನ ಪಾಲು ಜೂನಿನಿಂದ ಅಕ್ಟೋಬರಿನೊಳಗೆ ಸುರಿಯುತ್ತದೆ. ಒದ್ದೆಯಲ್ಲಿ ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಫ್ರೇಮಿನ ತೂತಿನಲ್ಲಿ ಸಣ್ಣ ಬ್ಯಾಟರಿಯಂತೆ ವರ್ತಿಸಿ ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮಳೆಗಾಲಕ್ಕೆ ಮುಂಚೆ ಬೋಲ್ಟು ಬಿಚ್ಚಿ ಥ್ರೆಡ್ಡಿಗೆ ಒಂದು ಬೊಟ್ಟು ಗ್ರೀಸು ಸವರಿ ಮತ್ತೆ ಬಿಗಿದರೆ ಇದು ತಪ್ಪುತ್ತದೆ. ನೈಲಾನ್ ಇರುವ ನಟ್ಟು ಇದ್ದರೆ ಕುಲುಕಾಟಕ್ಕೆ ಬೋಲ್ಟು ತಾನಾಗಿ ತಿರುಗುವುದು ಕಡಿಮೆ. ಉಕ್ಕಿನ ಕ್ಯಾರಿಯರಿನಲ್ಲಿ ಕೊಕ್ಕೆ ಉಜ್ಜಿ ಬಣ್ಣ ಹೋದ ಜಾಗಕ್ಕೆ ಉಗುರುಬಣ್ಣವಾದರೂ ಆಗುತ್ತದೆ, ತುಕ್ಕು ಅಲ್ಲಿಂದಲೇ ಹೊಗುವುದು. ಅಲ್ಯೂಮಿನಿಯಮ್ಮಿನದಾದರೆ ಒದ್ದೆ ಬಟ್ಟೆಯಿಂದ ಒರೆಸಿ ಬೆಸುಗೆಯ ಅಂಚುಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಕೂದಲೆಳೆಯಂಥ ಕಪ್ಪು ಗೆರೆ ಕಂಡು, ಅದು ಒರೆಸಿದರೂ ಹೋಗದಿದ್ದರೆ ಬಿರುಕು. ಆ ಕ್ಯಾರಿಯರಿನ ಮೇಲೆ ಮತ್ತೆ ಹೊರೆ ಇಡಬಾರದು. ಎರಡು ಬಿಡಿ ಎಂ5 ಬೋಲ್ಟುಗಳನ್ನು ಮಡ್‌ಗಾರ್ಡಿನ ಬಳಿ ಖಾಲಿಯಿರುವ ತೂತಿಗೆ ತಿರುಗಿಸಿಟ್ಟಿದ್ದರೆ ದಾರಿಯಲ್ಲಿ ಒಂದು ಉದುರಿದರೂ ಬದಲಿ ಸೈಕಲ್ಲಿನಲ್ಲೇ ಇರುತ್ತದೆ.